ಐರಿಶ್ ಅಜ್ಜಿಯ ಊರು ಯಾವುದು? ಅಮೆರಿಕದಲ್ಲಿ ಕೂತು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದವಳು. ಮದುವೆಯಾಗಿ ಬಂದಿದ್ದು ಬಾಸ್ಟನ್ ಹತ್ತಿರದ ಐರಿಶ್ ಮೂಲದ ಮನೆಗೆ. ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದಾಗ ನನ್ನ ಕಡೆಯದು ಹತ್ತು ನಿಮಿಷದಲ್ಲಿ ಮುಗಿಯಿತು. ಅಪ್ಪನಿಗೆ ಒಂದು ಫೋನ್, ಹೆಳವರು ಎತ್ತಿನ ಜೊತೆ ಬಂದಾಗ ಓದಿ ಹೇಳಿದ್ದನ್ನು ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು, ಏಳು ತಲೆಮಾರು ಸಿಕ್ಕಿತು. ಗಂಡನ ಕಡೆ ಮಾತ್ರ ಅತ್ತೆ ಹೇಳಿದ ಒಂದೇ ಸಾಲು: "ನಮ್ಮಜ್ಜಿ ಕಾರ್ಕ್‌ನಿಂದ ಬಂದವಳು." ಆ ಸಾಲೂ ತಪ್ಪು ಅಂತ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು.

ಈಗ ನಮ್ಮ ಕನ್ನಡ ಬಳಗದಲ್ಲಿ ಯಾರ ಮನೆಗೆ ಐರಿಶ್ ಮೂಲದ ಸೊಸೆ ಬಂದರೂ ಅಳಿಯ ಬಂದರೂ ಪ್ರಶ್ನೆಗಳು ನನಗೇ ಬರುತ್ತವೆ. 2020ರ ಅಮೆರಿಕ ಜನಗಣತಿಯಲ್ಲಿ ತಾವು ಐರಿಶ್ ಮೂಲದವರು ಅಂದವರು ಸುಮಾರು 3 ಕೋಟಿ 86 ಲಕ್ಷ. ಇಡೀ ಐರ್ಲೆಂಡ್ ದ್ವೀಪದಲ್ಲಿ ಇರುವ ಜನ 70 ಲಕ್ಷ ಚಿಲ್ಲರೆ. ಅಂದ್ರೆ ಪ್ರಶ್ನೆ ಕೇಳುವವರಿಗೆ ಬರ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲಾ ಇಲ್ಲೇ ಬರೆದಿದ್ದೇನೆ.

ಐರ್ಲೆಂಡಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿದೆ, ಸಾವಿರಾರು ಜನ ಬಂದರು. ಈಗ ಏನು ಮಾಡಲಿ?

ಆ ಕಿಟಕಿ ಮುಚ್ಚಿಬಿಡಿ. ನಿಜವಾಗಿ ಹೇಳುತ್ತಿದ್ದೇನೆ. ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಮರ್ಫಿ ಅನ್ನುವುದು ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಮನೆತನದ ಹೆಸರು, ಪ್ಯಾಟ್ರಿಕ್ ಅಂತೂ ಓಣಿಗೆ ನಾಲ್ಕು ಜನ. ಬರೀ ಹೆಸರು ಹಿಡಿದುಕೊಂಡು ಹೋದರೆ ಯಾವ ಪ್ಯಾಟ್ರಿಕ್ ಮರ್ಫಿ ನಿಮ್ಮವನು ಅಂತ ದೇವರಿಗೂ ಗೊತ್ತಾಗಲ್ಲ.

ಮೊದಲು ಅಮೆರಿಕದ ಕಾಗದಗಳನ್ನು ಪೂರ್ತಿ ಮುಗಿಸಿ. ಅವರ ಊರಿನ ಹೆಸರು ಬರೆದಿರುವುದು ಸಾಮಾನ್ಯವಾಗಿ ಸಮುದ್ರದ ಈಚೆ ದಡದಲ್ಲೇ. ಅದು ಸಿಕ್ಕ ಮೇಲೆ ಐರ್ಲೆಂಡಿಗೆ ದಾಟಿ.

ಊರು ಅಂದ್ರೆ ಕೌಂಟಿ ಗೊತ್ತಿದ್ದರೆ ಸಾಲದಾ?

ಸಾಲದು. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ, ಒಟ್ಟು 32 ಇವೆ. "ಅವರು ಬೆಳಗಾವಿ ಜಿಲ್ಲೆಯವರು, ಹೆಸರು ಬಸಪ್ಪ" ಅಂದರೆ ಯಾರನ್ನು ಹುಡುಕುತ್ತೀರಿ ಹೇಳಿ. ನಿಮಗೆ ಬೇಕಾಗಿದ್ದು ಟೌನ್‌ಲ್ಯಾಂಡ್. ಹೆಸರಲ್ಲಿ ಟೌನ್ ಇದ್ದರೂ ಪೇಟೆಗೂ ಅದಕ್ಕೂ ಸಂಬಂಧ ಇಲ್ಲ. ಒಂದಿಷ್ಟು ಹೊಲ, ನಾಲ್ಕೈದರಿಂದ ಇಪ್ಪತ್ತು ಮೂವತ್ತು ಮನೆ, ಅದಕ್ಕೊಂದು ಹೆಸರು. ಇಡೀ ದ್ವೀಪದಲ್ಲಿ ಇಂಥವು 60 ಸಾವಿರಕ್ಕೂ ಜಾಸ್ತಿ ಇವೆ. ಒಂದೇ ಹೆಸರಿನವು ಹತ್ತು ಕಡೆ ಸಿಗುತ್ತವೆ, ಯಾಕಂದ್ರೆ ಎಷ್ಟೋ ಹೆಸರುಗಳ ಮೊದಲಲ್ಲಿ ಬರುವ 'ಬ್ಯಾಲಿ' ಅನ್ನುವುದು ಐರಿಶ್ ಭಾಷೆಯ 'ಬೈಲೆ', ಅಂದ್ರೆ ಊರು ಅಥವಾ ವಾಸದ ಜಾಗ. ನಮ್ಮಲ್ಲಿ ಹೊಸಹಳ್ಳಿ ಎಷ್ಟಿವೆ, ಹಾಗೆ.

ಟೌನ್‌ಲ್ಯಾಂಡ್ ಸಿಗದಿದ್ದರೆ ಕನಿಷ್ಠ ಪ್ಯಾರಿಷ್ ಆದರೂ ಬೇಕು, ಅಂದ್ರೆ ಹಲವು ಟೌನ್‌ಲ್ಯಾಂಡ್ ಸೇರಿದ ಭಾಗ. ಅಲ್ಲೂ ಒಂದು ತೊಡಕು ಇದೆ. ಸರ್ಕಾರದ ಪ್ಯಾರಿಷ್ ಬೇರೆ, ಕ್ಯಾಥೊಲಿಕ್ ಚರ್ಚಿನ ಪ್ಯಾರಿಷ್ ಬೇರೆ, ಎರಡರ ಗಡಿ ಹೊಂದುವುದಿಲ್ಲ. ಜನನ ಮರಣ ನೋಂದಣಿ ಮಾಡಿದ್ದು ಮೂರನೆಯ ಇನ್ನೊಂದು ಗಡಿಯ ಪ್ರಕಾರ. ಲೋಗಾನಿಮ್ ಅನ್ನುವ ಊರುಹೆಸರುಗಳ ಸರ್ಕಾರಿ ತಾಣ ಇದೆ, ಪುಕ್ಕಟೆ. ಸಿಕ್ಕ ಹೆಸರನ್ನು ಮೊದಲು ಅಲ್ಲಿ ಹಾಕಿ ನೋಡಿ. ಅಮೆರಿಕದ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾನೆ, ಅದಕ್ಕೆ ಕಾಗುಣಿತ ನೋಡಬೇಡಿ, ಜೋರಾಗಿ ಓದಿ ನೋಡಿ.

ಹಾಗಾದ್ರೆ ಅಮೆರಿಕದ ಯಾವ ಕಾಗದದಲ್ಲಿ ಊರು ಸಿಗುತ್ತದೆ?

ಮೊದಲು ಸಿಗದಿರುವ ಕಡೆ ಹೇಳಿಬಿಡುತ್ತೇನೆ. ಅಮೆರಿಕದ ಜನಗಣತಿಯಲ್ಲಿ ಹುಟ್ಟಿದ ಜಾಗದ ಮುಂದೆ ಬರೀ 'ಐರ್ಲೆಂಡ್' ಅಂತ ಇರುತ್ತದೆ. ಆದರೂ ಜನಗಣತಿ ಬೇಕೇ ಬೇಕು. 1850ರಿಂದ ಮನೆಯ ಪ್ರತಿಯೊಬ್ಬರ ಹೆಸರೂ ಇದೆ, 1880ರಿಂದ ಯಾರು ಯಾರಿಗೆ ಏನಾಗಬೇಕು ಅಂತ ಇದೆ. 1900ರದ್ದಂತೂ ಬಂಗಾರ: ಹುಟ್ಟಿದ ತಿಂಗಳು, ವರ್ಷ, ಅಮೆರಿಕಕ್ಕೆ ಬಂದ ವರ್ಷ, ಮದುವೆಯಾಗಿ ಎಷ್ಟು ವರ್ಷವಾಯಿತು, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು. ಅತ್ತೆಯ ಅಜ್ಜಿಯ ಸಾಲಿನಲ್ಲಿ 'ಹುಟ್ಟಿದ್ದು 5, ಬದುಕಿರುವುದು 3' ಅಂತ ಇತ್ತು. ಆ ಎರಡು ಮಕ್ಕಳ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪೌರತ್ವದ ಕಾಗದದ ಮೇಲೂ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 1906ರ ಸೆಪ್ಟೆಂಬರಿಗೆ ಮುಂಚೆ ಯಾವ ಊರಿನ ಕೋರ್ಟ್ ಆದರೂ ಪೌರತ್ವ ಕೊಡಬಹುದಿತ್ತು, ತಮಗೆ ತೋಚಿದ ನಮೂನೆಯಲ್ಲಿ ಬರೆದುಕೊಂಡಿದ್ದಾರೆ. ಆಮೇಲಿನದರಲ್ಲಿ ಹುಟ್ಟಿದ ಜಾಗ ಸಿಗುತ್ತದೆ. ಹೆಂಗಸರನ್ನು ಹುಡುಕುತ್ತಿದ್ದರೆ ಇನ್ನೂ ಕಷ್ಟ, 1922ರವರೆಗೆ ಹೆಂಡತಿಗೆ ಗಂಡನ ಪೌರತ್ವವೇ ಬರುತ್ತಿತ್ತು, ಅವಳ ಹೆಸರಲ್ಲಿ ಬೇರೆ ಕಾಗದ ಆಗುತ್ತಲೇ ಇರಲಿಲ್ಲ.

ಈಗ ಸಿಗುವ ಕಡೆ. ಕ್ಯಾಥೊಲಿಕ್ ಚರ್ಚಿನ ಮದುವೆ ಪುಸ್ತಕ, ಅದರಲ್ಲೂ ಪಾದ್ರಿ ತಾನೇ ಐರ್ಲೆಂಡಿನವನಾಗಿದ್ದರೆ ಪ್ಯಾರಿಷ್ ಹೆಸರು ಬರೆದಿರುವ ಸಂಭವ ಜಾಸ್ತಿ. ಸಮಾಧಿ ಕಲ್ಲು. ಸಾವಿನ ಸುದ್ದಿ. ಅಮೆರಿಕದ ಅಂತರ್ಯುದ್ಧದ ಸೈನಿಕರ ವಿಧವೆಯರು ಪಿಂಚಣಿಗೆ ಹಾಕಿದ ಅರ್ಜಿಗಳ ಕಡತ. ನ್ಯೂಯಾರ್ಕಿನಲ್ಲಿ ಇದ್ದವರಾದರೆ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕ್ ಅಂತ 1850ರಲ್ಲಿ ಶುರುವಾಯಿತು. ಸಹಿ ಬಾರದವರು ದುಡ್ಡು ತೆಗೆಯಲು ಬಂದರೆ ಗುರುತು ಹಿಡಿಯಬೇಕಲ್ಲ, ಅದಕ್ಕೆ ಹುಟ್ಟಿದ ಊರು, ಅಪ್ಪ ಅಮ್ಮನ ಹೆಸರು, ಅಣ್ಣತಮ್ಮಂದಿರು ಎಲ್ಲಿದ್ದಾರೆ, ಯಾವ ಹಡಗಲ್ಲಿ ಬಂದೆ ಅಂತೆಲ್ಲ ಕೇಳಿ ಬರೆದಿಟ್ಟಿದ್ದಾರೆ. ಬ್ಯಾಂಕಿನವರು ಕಳ್ಳರಿಗೆ ಹೆದರಿ ಬರೆದಿದ್ದು ನೂರೆಪ್ಪತ್ತು ವರ್ಷ ಆದಮೇಲೆ ನಮಗೆ ದಾರಿ ತೋರಿಸುತ್ತಿದೆ. ಆ ಪುಸ್ತಕಗಳು ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ.

ನನಗೆ ತುಂಬಾ ಇಷ್ಟವಾದದ್ದು ಮಾತ್ರ ಬಾಸ್ಟನ್ ಪೈಲಟ್ ಅನ್ನುವ ಕ್ಯಾಥೊಲಿಕ್ ಪತ್ರಿಕೆಯ 'ಕಾಣೆಯಾದ ಗೆಳೆಯರು' ಅಂಕಣ. 1831ರಿಂದ 1921ರವರೆಗೆ ಬಂತು. ಮುಂಚೆ ಬಂದ ಅಣ್ಣನನ್ನು ಹುಡುಕುವ ತಂಗಿ, ಕಾಲುವೆ ತೋಡಲು, ರೈಲು ಹಾದಿ ಹಾಕಲು ಅಂತ ಹೋಗಿ ಸುದ್ದಿಯೇ ಇಲ್ಲದ ಗಂಡನನ್ನು ಹುಡುಕುವ ಹೆಂಡತಿ ಕೊಟ್ಟ ಜಾಹೀರಾತು. ಇಂಥಾ ಕೌಂಟಿ, ಇಂಥಾ ಪ್ಯಾರಿಷ್‌ನವನು, ಇಂಥಾ ವರ್ಷ ಇಲ್ಲಿ ಇಳಿದ, ಕೊನೆಗೆ ಸುದ್ದಿ ಸಿಕ್ಕಿದ್ದು ಇಂಥಾ ಊರಿಂದ, ತಿಳಿದವರು ದಯವಿಟ್ಟು ಬರೆಯಿರಿ ಅಂತ. ಬಾಸ್ಟನ್ ಕಾಲೇಜಿನವರು ಇದನ್ನು ಹುಡುಕಲು ಬರುವ ಹಾಗೆ ಮಾಡಿದ್ದಾರೆ. ನಿಮ್ಮವರು ಸಿಗದಿದ್ದರೂ ರಾತ್ರಿ ಕೂತು ಓದುತ್ತಾ ಹೋದರೆ ಬೆಳಗಾಗುತ್ತದೆ.

ಅಮೆರಿಕದ 1890ರ ಜನಗಣತಿ ಎಲ್ಲೂ ಕಾಣುತ್ತಿಲ್ಲ?

ಕಾಣಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಬಹುಪಾಲು ಹಾಳಾಯಿತು, ಉಳಿದಿದ್ದನ್ನೂ ಆಮೇಲೆ ಸರ್ಕಾರವೇ ನಾಶಮಾಡಿತು. 1880ಕ್ಕೂ 1900ಕ್ಕೂ ನಡುವಿನ ಇಪ್ಪತ್ತು ವರ್ಷಕ್ಕೆ ಊರಿನ ಡೈರೆಕ್ಟರಿಗಳನ್ನು ನೋಡಿ. ವರ್ಷ ವರ್ಷವೂ ಬಂದಿವೆ, ಯಾರು ಯಾವ ಬೀದಿ, ಏನು ಕೆಲಸ ಅಂತ ಇರುತ್ತದೆ.

ಎಲ್ಲಿಸ್ ಐಲೆಂಡ್‌ನಲ್ಲಿ ಅಧಿಕಾರಿಗಳು ನಮ್ಮ ಹೆಸರು ಬದಲಾಯಿಸಿಬಿಟ್ಟರಂತೆ, ನಿಜಾನಾ?

ಇಲ್ಲ. ಈ ಕತೆ ಎಲ್ಲರ ಮನೆಯಲ್ಲೂ ಇದೆ. ಅಲ್ಲಿನ ಗುಮಾಸ್ತರು ಹೆಸರು ಬರೆದುಕೊಳ್ಳುತ್ತಲೇ ಇರಲಿಲ್ಲ. ಹಡಗು ಹೊರಡುವ ಬಂದರಿನಲ್ಲೇ ಪಟ್ಟಿ ತಯಾರಾಗಿರುತ್ತಿತ್ತು, ಇಲ್ಲಿ ಅದನ್ನು ಹಿಡಿದು ಟಿಕ್ ಹಾಕುತ್ತಿದ್ದರು ಅಷ್ಟೇ. ಅದೂ ಅಲ್ಲದೆ ಎಲ್ಲಿಸ್ ಐಲೆಂಡ್ ಶುರುವಾಗಿದ್ದೇ 1892ರ ಜನವರಿ 1ಕ್ಕೆ. ನಿಮ್ಮವರು 1850ರಲ್ಲಿ ಬಂದಿದ್ದರೆ ಆ ಬಾಗಿಲು ಇನ್ನೂ ಇರಲೇ ಇಲ್ಲ.

ಹೆಸರು ಬದಲಾದದ್ದು ನಿಜ, ಆದರೆ ಅವರೇ ಬದಲಾಯಿಸಿಕೊಂಡರು, ಎಷ್ಟೋ ಸಲ ಐರ್ಲೆಂಡಿನಲ್ಲೇ. ಹೆಸರಿನ ಮುಂದಿನ ಓ, ಮ್ಯಾಕ್ ಎಲ್ಲ ಬಿಟ್ಟು ಬರೀ ಸಲಿವನ್ ಆದವರು ಆಮೇಲೆ ಮತ್ತೆ ಓ ಸೇರಿಸಿಕೊಂಡು ಓಸಲಿವನ್ ಆಗಿದ್ದಾರೆ. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಓ ಇದೆ, ಇನ್ನೊಬ್ಬನಿಗೆ ಇಲ್ಲ ಅನ್ನುವುದೂ ಉಂಟು. ಇನ್ನು ಕೆಲವರು ಹೆಸರನ್ನೇ ಅನುವಾದ ಮಾಡಿಕೊಂಡರು. 'ಮ್ಯಾಕ್ ಗವನ್' ಅಂದ್ರೆ ಕಮ್ಮಾರನ ಮಗ, ಅವನು ಒಂದು ಕಡೆ ಮೆಕ್‌ಗೋವನ್ ಆದ, ಇನ್ನೊಂದು ಕಡೆ ಸೀದಾ ಸ್ಮಿತ್. ಕಮ್ಮಾರ ಅನ್ನುವ ಮನೆತನ ಅಮೆರಿಕಕ್ಕೆ ಬಂದು ಸ್ಮಿತ್ ಆದ ಹಾಗೆ.

ಅಜ್ಜಿಗೆ ಒಂದೊಂದು ಕಾಗದದಲ್ಲಿ ಒಂದೊಂದು ಹೆಸರು. ಎರಡು ಮದುವೆ ಇರಬಹುದಾ?

ಇರಬಹುದು, ಆದರೆ ಮೊದಲು ಅಡ್ಡಹೆಸರು ನೋಡಿ. ನಮ್ಮವಳು, ಅಂದ್ರೆ ಅತ್ತೆಯ ಅಜ್ಜಿ, ಅಮೆರಿಕದಲ್ಲಿ ಸಾಯುವ ತನಕ ಡೀಲಿಯಾ. ಐರ್ಲೆಂಡಿನಲ್ಲಿ ಡೀಲಿಯಾ ಹುಡುಕಿ ಹುಡುಕಿ ಸುಸ್ತಾದೆ. ಆಮೇಲೆ ಗೊತ್ತಾಯಿತು, ಡೀಲಿಯಾ ಅಂದ್ರೆ ಬ್ರಿಜೆಟ್. ಐರಿಶ್ ಹುಡುಗಿಯರು ಮನೆಗೆಲಸಕ್ಕೆ ಸೇರಿ ಸೇರಿ, ಕೆಲಸದವಳು ಅಂದ್ರೆ ಬ್ರಿಜೆಟ್ ಅನ್ನುವಷ್ಟು ಆ ಹೆಸರನ್ನು ಗೇಲಿ ಮಾಡುತ್ತಿದ್ದರು ಇಲ್ಲಿ. ಎಷ್ಟೋ ಜನ ಅದಕ್ಕೇ ಬಿಟ್ಟರು. ಹೊನೋರಾ ಅನ್ನುವವಳು ನೋರಾ, ಹಾನಾ ಆಗುತ್ತಾಳೆ. ಡಾರ್ಬಿ ಮತ್ತು ಜೆರೆಮಾಯಾ ಒಬ್ಬನೇ, ಐರಿಶ್‌ನಲ್ಲಿ ಡರ್ಮಿಡ್. ಥೇಡಿ ಮತ್ತು ಟಿಮೊತಿ ಒಬ್ಬನೇ.

ಚರ್ಚಿನ ಪುಸ್ತಕ ಲ್ಯಾಟಿನ್‌ನಲ್ಲಿ ಇದ್ದರೆ ಇನ್ನೊಂದು ವೇಷ. ಬ್ರಿಜೆಟ್ ಬ್ರಿಗಿಡಾ, ಜೇಮ್ಸ್ ಯಾಕೋಬುಸ್, ವಿಲಿಯಂ ಗುಲಿಯೆಲ್ಮುಸ್. ಹೆದರಬೇಡಿ, ಹತ್ತು ಹದಿನೈದು ಪದ ಗೊತ್ತಾದರೆ ಓದಬಹುದು.

ಹೆಸರಿಡುವ ಪದ್ಧತಿಯೂ ಸಹಾಯ ಮಾಡುತ್ತದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಮೊದಲ ಮಗಳಿಗೆ ಅಮ್ಮನ ಅಮ್ಮ, ಎರಡನೆಯವಳಿಗೆ ಅಪ್ಪನ ಅಮ್ಮ. ನಮಗೆ ಇದು ಹೊಸದೇನಲ್ಲ ಅಲ್ವಾ. ಎಲ್ಲರೂ ಪಾಲಿಸಿಲ್ಲ, ಆದ್ದರಿಂದ ಸುಳಿವು ಅಂತ ಇಟ್ಟುಕೊಳ್ಳಿ, ಸಾಕ್ಷಿ ಅಂತ ಅಲ್ಲ.

ಹೆಸರು, ವಯಸ್ಸು ಎರಡೂ ಹೊಂದಿತು. ಅವರೇ ತಾನೆ?

ಆನಿ ಮೂರ್ ಕತೆ ಕೇಳಿ. ಎಲ್ಲಿಸ್ ಐಲೆಂಡ್ ತೆರೆದ ದಿನ ಮೊಟ್ಟಮೊದಲು ಒಳಗೆ ಬಂದ ಹುಡುಗಿ, ಕಾರ್ಕ್‌ನವಳು, ನೆವಾಡಾ ಅನ್ನುವ ಹಡಗಲ್ಲಿ ಇಬ್ಬರು ತಮ್ಮಂದಿರ ಜೊತೆ ಬಂದಳು. ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಅವಳು ಆಮೇಲೆ ಟೆಕ್ಸಾಸ್‌ಗೆ ಹೋದಳು, 1923ರಲ್ಲಿ ಅಲ್ಲಿ ಬೀದಿ ಟ್ರಾಮ್ ಡಿಕ್ಕಿ ಹೊಡೆದು ಸತ್ತಳು ಅಂತ ಎಷ್ಟೋ ವರ್ಷ ಎಲ್ಲರೂ ನಂಬಿದ್ದರು. ಆ ಮನೆಯವರನ್ನು ಕರೆದು ಗೌರವಿಸಿದ್ದೂ ಆಯಿತು.

ಮೇಗನ್ ಸ್ಮೋಲೆನ್ಯಾಕ್ ಅನ್ನುವ ವಂಶಾವಳಿ ಸಂಶೋಧಕಿ ಸುಮ್ನೆ ಒಂದು ಸಲ ದಾಖಲೆ ತೆಗೆದು ನೋಡಿದರೆ ಟೆಕ್ಸಾಸಿನ ಆನಿ ಮೂರ್ ಹುಟ್ಟಿದ್ದು ಅಮೆರಿಕದ ಇಲಿನಾಯ್‌ನಲ್ಲಿ! ಐರ್ಲೆಂಡಿಗೂ ಅವಳಿಗೂ ಹಡಗಿನ ಸಂಬಂಧವೇ ಇಲ್ಲ. ನಿಜವಾದ ಆನಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಬೇಕರಿ ಕೆಲಸದ ಜರ್ಮನ್ ಮೂಲದವನನ್ನು ಮದುವೆಯಾದಳು, ಹತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು, ಅರ್ಧ ಜನ ಚಿಕ್ಕಂದಿನಲ್ಲೇ ಹೋದರು. 1924ರಲ್ಲಿ ಸತ್ತವಳಿಗೆ ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಕಲ್ಲೂ ಇರಲಿಲ್ಲ. 2006ರಲ್ಲಿ ಗೊತ್ತಾಯಿತು, 2008ರಲ್ಲಿ ಐರ್ಲೆಂಡಿನಿಂದ ಕಲ್ಲು ತಂದು ನಿಲ್ಲಿಸಿದರು.

ಅಷ್ಟು ಹೆಸರಾದವಳ ವಿಷಯದಲ್ಲೇ ಹೀಗಾದರೆ ನಮ್ಮ ನಿಮ್ಮ ಪಾಡೇನು. ನಾನು ಒಬ್ಬ ಪ್ಯಾಟ್ರಿಕ್‌ನನ್ನು ಹಿಡಿದು ಅವನ ಮೂರು ತಲೆಮಾರು ಬರೆದು, ಮಗಳ ಶಾಲೆಗೂ ಕಳಿಸಿ, ಎಂಟು ತಿಂಗಳಾದ ಮೇಲೆ ಅವನು ಐರ್ಲೆಂಡಿನಿಂದ ಹೊರಗೇ ಹೋಗಿಲ್ಲ ಅಂತ ಕಂಡುಹಿಡಿದೆ. 1911ರ ಐರ್ಲೆಂಡಿನ ಜನಗಣತಿಯಲ್ಲೂ ಅವನು ಅಲ್ಲೇ ಕೂತಿದ್ದ, ಬೇರೆ ಹೆಂಡತಿ ಜೊತೆ.

ಐರ್ಲೆಂಡಿನ ದಾಖಲೆ ಎಲ್ಲಾ ಸುಟ್ಟುಹೋಗಿದೆ, ಹುಡುಕಿ ಪ್ರಯೋಜನ ಇಲ್ಲ ಅಂತಾರಲ್ಲ?

ಅರ್ಧ ನಿಜ. 1922ರ ಜೂನ್ 30, ಐರ್ಲೆಂಡಿನ ಅಂತರ್ಯುದ್ಧದ ಮೊದಲ ದಿನಗಳು. ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿ ಮದ್ದುಗುಂಡು ಸ್ಫೋಟವಾಗಿ ಅಲ್ಲೇ ಇದ್ದ ದಾಖಲೆ ಕಚೇರಿ ಸುಟ್ಟುಹೋಯಿತು. ಏಳು ಶತಮಾನದ ಕಾಗದ. ಸುಟ್ಟ ಚೂರುಗಳು ಊರ ಮೇಲೆಲ್ಲ ಹಾರಿ ಬಿದ್ದವಂತೆ. 1821ರಿಂದ 1851ರವರೆಗಿನ ಜನಗಣತಿಗಳು ಒಂದಿಷ್ಟು ಚೂರು ಬಿಟ್ಟು ಹೋದವು. ಉಯಿಲುಗಳು ಹೋದವು. ಪ್ರಾಟೆಸ್ಟಂಟರ ಚರ್ಚ್ ಆಫ್ ಐರ್ಲೆಂಡ್ ಪುಸ್ತಕಗಳಲ್ಲಿ ಅರ್ಧಕ್ಕೂ ಜಾಸ್ತಿ ಹೋದವು.

ಆದರೆ ಎಲ್ಲಾ ತಪ್ಪನ್ನೂ ಬೆಂಕಿ ಮೇಲೆ ಹಾಕಬೇಡಿ. 1861 ಮತ್ತು 1871ರ ಜನಗಣತಿಯನ್ನು ಲೆಕ್ಕ ತೆಗೆದುಕೊಂಡ ಮೇಲೆ ಸರ್ಕಾರವೇ ನಾಶಮಾಡಿತ್ತು. 1881 ಮತ್ತು 1891ರದ್ದು ಮೊದಲ ಮಹಾಯುದ್ಧದ ಹೊತ್ತಿಗೆ ಕಾಗದದ ಅಭಾವ ಅಂತ ರದ್ದಿಗೆ ಹೋಯಿತು. ಓದಿದಾಗ ನನಗೆ ಬೆಂಕಿಗಿಂತ ಈ ರದ್ದಿ ಕತೆಯೇ ಜಾಸ್ತಿ ಸಂಕಟ ಮಾಡಿತು.

ಮುಖ್ಯ ವಿಷಯ: ಕ್ಯಾಥೊಲಿಕ್ ಚರ್ಚಿನ ಪುಸ್ತಕಗಳು ಅಲ್ಲಿ ಇರಲೇ ಇಲ್ಲ, ಆಯಾ ಚರ್ಚಿನಲ್ಲೇ ಇದ್ದವು. ಜನನ ಮರಣ ನೋಂದಣಿ ಬೇರೆ ಕಚೇರಿಯಲ್ಲಿತ್ತು. ಅಮೆರಿಕಕ್ಕೆ ಬಂದ ಬಡ ಕ್ಯಾಥೊಲಿಕ್ ಮನೆಗಳ ಹೆಜ್ಜೆಗುರುತು ಇರುವುದು ಅಲ್ಲೇ. ಅಷ್ಟೇ ಅಲ್ಲ, ಸುಟ್ಟುಹೋದವುಗಳ ನಕಲು ಜಗತ್ತಿನ ಬೇರೆ ಬೇರೆ ಕಡೆ ಎಲ್ಲಿದೆಯೋ ಹುಡುಕಿ 2022ರಲ್ಲಿ, ಬೆಂಕಿಗೆ ನೂರು ವರ್ಷವಾದಾಗ, 'ವರ್ಚುಯಲ್ ರೆಕಾರ್ಡ್ ಟ್ರೆಜರಿ' ಅಂತ ಆನ್‌ಲೈನ್‌ನಲ್ಲಿ ತೆರೆದಿದ್ದಾರೆ.

ಸರಿ, ಉಳಿದಿರುವುದು ಏನೇನು?

ಹೊಸದರಿಂದ ಹಳೆಯದಕ್ಕೆ ಹೋಗೋಣ. 1901 ಮತ್ತು 1911ರ ಜನಗಣತಿ ಪೂರ್ತಿ ಇದೆ, ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಪುಕ್ಕಟೆ. 'ನಮ್ಮವರು ಅಷ್ಟರೊಳಗೆ ಹೊರಟಿದ್ದರಲ್ಲ' ಅಂತ ಬಿಡಬೇಡಿ, ಅವರ ಅಪ್ಪ ಅಮ್ಮ, ಹಿಂದೆ ಉಳಿದ ತಮ್ಮ ಅಲ್ಲಿರುತ್ತಾರೆ. ಡೀಲಿಯಾಳ ಅಪ್ಪನ ಮನೆ ನನಗೆ ಸಿಕ್ಕಿದ್ದು 1901ರದ್ದರಲ್ಲಿ. ಮನೆಯವರ ಹಾಳೆ ಬಿಟ್ಟು ಪೊಲೀಸಿನವನು ತುಂಬಿದ ಇನ್ನೆರಡು ಹಾಳೆ ಇರುತ್ತವೆ, ಅವನ್ನು ಯಾರೂ ತೆರೆದು ನೋಡಲ್ಲ. ತೆರೆದೆ. ಹುಲ್ಲಿನ ಚಾವಣಿ. ಮುಂದೆ ಎರಡು ಕಿಟಕಿ. ಮೂರನೇ ದರ್ಜೆ ಮನೆ. ಒಂದು ದನದ ಕೊಟ್ಟಿಗೆ, ಒಂದು ಹಂದಿಗೂಡು. ಒಳಗೆ ಏಳು ಜನ. ಅಪ್ಪನಿಗೆ ಓದು ಬರಲ್ಲ, ಭಾಷೆಯ ಕಾಲಮ್ಮಿನಲ್ಲಿ 'ಐರಿಶ್ ಮತ್ತು ಇಂಗ್ಲಿಷ್'. ಸಹಿ ಮಾಡುವ ಜಾಗದಲ್ಲಿ ಒಂದು ಅಡ್ಡಗೆರೆಯ ಗುರುತು. ಅದನ್ನು ಅತ್ತೆಗೆ ತೋರಿಸಿದೆ, ಅವರು ಆ ಗುರುತಿನ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಸುಮ್ಮನಿದ್ದರು.

ಮುಂದಿನ ಜನಗಣತಿ 1926ರ ಏಪ್ರಿಲ್‌ನದು, ಐರ್ಲೆಂಡ್ ಸ್ವತಂತ್ರವಾದ ಮೇಲೆ ನಡೆದ ಮೊದಲನೆಯದು. ಅದಕ್ಕೆ ನೂರು ವರ್ಷದ ಗೋಪ್ಯತೆ ಇಟ್ಟಿದ್ದರು, ಅಂದ್ರೆ 2026ರ ಏಪ್ರಿಲ್‌ವರೆಗೆ.

ಜನನ, ಮರಣ, ಮದುವೆ ನೋಂದಣಿ 1864ರ ಜನವರಿಯಿಂದ ಎಲ್ಲರಿಗೂ ಇದೆ. ಕ್ಯಾಥೊಲಿಕ್ ಅಲ್ಲದವರ ಮದುವೆ ಮಾತ್ರ 1845ರಿಂದ. ಐರಿಶ್‌ಜೀನಿಯಾಲಜಿ ಡಾಟ್ ಐಇ ಅನ್ನುವ ಸರ್ಕಾರಿ ತಾಣದಲ್ಲಿ ಮೂಲ ಪುಟದ ಚಿತ್ರವೇ ಸಿಗುತ್ತದೆ, ದುಡ್ಡಿಲ್ಲ. ಒಂದು ತಮಾಷೆ ಹೇಳಲೇ? ನೋಂದಣಿ ತಡ ಮಾಡಿದರೆ ದಂಡ ಇತ್ತು. ಆದ್ದರಿಂದ ತಡವಾಗಿ ಹೋದವರು ಹುಟ್ಟಿದ ದಿನವನ್ನೇ ಮುಂದಕ್ಕೆ ಹಾಕಿ ಹೇಳುತ್ತಿದ್ದರು. ಹಾಗಾಗಿ ಚರ್ಚಿನ ಪುಸ್ತಕದಲ್ಲಿ ಜ್ಞಾನಸ್ನಾನ ಆದಮೇಲೆ ಸರ್ಕಾರದ ಪುಸ್ತಕದಲ್ಲಿ ಹುಟ್ಟಿದ ಮಕ್ಕಳು ಬೇಕಾದಷ್ಟಿದ್ದಾರೆ. ಚರ್ಚಿನದನ್ನೇ ನಂಬಿ.

1864ಕ್ಕಿಂತ ಹಿಂದಕ್ಕೆ ಚರ್ಚಿನ ಪುಸ್ತಕವೇ ಗತಿ. ಸಾವಿರಕ್ಕೂ ಜಾಸ್ತಿ ಕ್ಯಾಥೊಲಿಕ್ ಪ್ಯಾರಿಷ್‌ಗಳ ಪುಸ್ತಕಗಳನ್ನು, ಸುಮಾರು 1880ರವರೆಗಿನದು, ನ್ಯಾಷನಲ್ ಲೈಬ್ರರಿಯವರು 2015ರಲ್ಲಿ ಪುಕ್ಕಟೆ ಹಾಕಿದರು. ಪಶ್ಚಿಮದ ಬಡ ಊರುಗಳಲ್ಲಿ ಪುಸ್ತಕ ಶುರುವಾಗುವುದೇ ತಡ, ಕೆಲವು ಕಡೆ 1840, 1850ರ ಮೇಲೆ. ಅಲ್ಲಿಗೆ ದಾರಿ ನಿಲ್ಲುತ್ತದೆ.

ಇನ್ನೊಂದು ಗ್ರಿಫಿತ್ ಮೌಲ್ಯಮಾಪನ, 1847ರಿಂದ 1864. ತೆರಿಗೆ ಹಾಕಲು ಪ್ರತಿ ಟೌನ್‌ಲ್ಯಾಂಡಿನಲ್ಲಿ ಯಾರ ಕೈಯಲ್ಲಿ ಎಷ್ಟು ಜಮೀನು, ಜಮೀನ್ದಾರ ಯಾರು ಅಂತ ಬರೆದ ಪಟ್ಟಿ, ನಕ್ಷೆ ಸಮೇತ. ನಮ್ಮ ಪಹಣಿ ನೋಡಿ ಅಭ್ಯಾಸ ಇದ್ದವರಿಗೆ ಕೂಡಲೇ ಅರ್ಥವಾಗುತ್ತದೆ. ಮನೆಯ ಯಜಮಾನನ ಹೆಸರು ಬಿಟ್ಟು ಬೇರೆ ಯಾರೂ ಇರಲ್ಲ. ಅದಕ್ಕೂ ಹಿಂದೆ 1823ರಿಂದ 1837ರ, ಚರ್ಚಿಗೆ ಕೊಡುವ ದಶಾಂಶ ತೆರಿಗೆಯ ಪುಸ್ತಕ ಇದೆ. ಈ ಎರಡರ ನಡುವೆ 1845ರಿಂದ 1852ರ ಆಲೂಗಡ್ಡೆ ಬರ ಬಂದು ಹೋಯಿತು ಅನ್ನುವುದು ಮನಸ್ಸಲ್ಲಿರಲಿ. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ಊರು ಬಿಟ್ಟರು. ಮೊದಲ ಪಟ್ಟಿಯಲ್ಲಿದ್ದ ಮನೆತನ ಎರಡನೆಯದರಲ್ಲಿ ಇಲ್ಲ ಅಂದ್ರೆ ಅದಕ್ಕೆ ಏನರ್ಥ ಅಂತ ಬಿಡಿಸಿ ಹೇಳಬೇಕಿಲ್ಲ.

1901ರಲ್ಲಿ 58 ಅಂತ ಇದ್ದವನು 1911ರಲ್ಲಿ 74 ಹೇಗಾದ?

ಪಿಂಚಣಿ! 70 ದಾಟಿದವರಿಗೆ ವಾರಕ್ಕೆ ಐದು ಶಿಲ್ಲಿಂಗ್‌ವರೆಗೆ ಕೊಡುವ ಕಾಯ್ದೆ 1908ರಲ್ಲಿ ಬಂತು, 1909ರ ಜನವರಿಯಿಂದ ದುಡ್ಡು ಕೊಡಲು ಶುರುಮಾಡಿದರು. ಆ ವಯಸ್ಸಿನವರು ಹುಟ್ಟಿದಾಗ ನೋಂದಣಿಯೇ ಇರಲಿಲ್ಲ, ಯಾರ ಹತ್ತಿರವೂ ಪುರಾವೆ ಇಲ್ಲ. 1839ರ ಜನವರಿ 6ರ ರಾತ್ರಿ ಬೀಸಿದ ದೊಡ್ಡ ಬಿರುಗಾಳಿ ನೆನಪಿದೆಯಾ ಅಂತ ಕೇಳುತ್ತಿದ್ದರಂತೆ. ನೆನಪಿಲ್ಲ ಅಂದವರು ಬಹುಶಃ ಯಾರೂ ಇರಲಿಲ್ಲ. ನಮ್ಮ ಡೀಲಿಯಾಳ ಅಪ್ಪನೂ ಹತ್ತು ವರ್ಷದಲ್ಲಿ ಹದಿನಾರು ವರ್ಷ ಬೆಳೆದ.

ಇದರಿಂದ ನಮಗೊಂದು ಲಾಭ ಇದೆ. ವಯಸ್ಸು ಖಾತ್ರಿ ಮಾಡಲು ಅಧಿಕಾರಿಗಳು ಆಗ ಇನ್ನೂ ಇದ್ದ 1841, 1851ರ ಜನಗಣತಿ ತೆಗೆದು ನೋಡಿ ಅರ್ಜಿ ಹಾಳೆಯ ಮೇಲೆ ಬರೆದಿದ್ದಾರೆ. ಜನಗಣತಿ ಸುಟ್ಟಿತು, ಅರ್ಜಿಗಳು ಉಳಿದವು. ನ್ಯಾಷನಲ್ ಆರ್ಕೈವ್ಸ್ ತಾಣದಲ್ಲೇ ಇವೆ, 'ಸೆನ್ಸಸ್ ಸರ್ಚ್ ಫಾರ್ಮ್' ಅಂತ.

ಹಡಗಿನ ಪಟ್ಟಿ ಹುಡುಕಲೇಬೇಕಾ?

ಆಸೆ ಇದ್ದರೆ ಹುಡುಕಿ. 1820ರಿಂದ ಇವೆ, ಆದರೆ ಹಳೆಯದರಲ್ಲಿ ಹೆಸರು, ವಯಸ್ಸು, ಕೆಲಸ, ದೇಶ ಇಷ್ಟೇ. 1907ರಿಂದ ಊರಲ್ಲಿ ಉಳಿದ ಹತ್ತಿರದ ನೆಂಟರ ಹೆಸರು ವಿಳಾಸ ಇರುತ್ತದೆ, ಆಗ ಬಂದವರಾದರೆ ಬಿಡಲೇಬೇಡಿ. ಬರದ ಕಾಲದಲ್ಲಿ ಬಹಳ ಜನ ಹೊರಟಿದ್ದು ಲಿವರ್‌ಪೂಲ್‌ನಿಂದ, ಅದಕ್ಕೆ ಪಟ್ಟಿಯಲ್ಲಿ ಇಂಗ್ಲೆಂಡಿನ ಬಂದರು ಕಂಡು ಗಾಬರಿಯಾಗಬೇಡಿ. ಟಿಕೆಟ್ ಅಗ್ಗ ಅಂತ ಕೆನಡಾಕ್ಕೆ ಹೋಗಿ ಅಲ್ಲಿಂದ ಅಮೆರಿಕಕ್ಕೆ ದಾಟಿದವರೂ ತುಂಬಾ. ಕ್ವಿಬೆಕ್ ಹತ್ತಿರದ ಗ್ರೋಸ್ ಈಲ್ ದ್ವೀಪದಲ್ಲಿ 1847 ಒಂದೇ ವರ್ಷ ಐದು ಸಾವಿರಕ್ಕೂ ಜಾಸ್ತಿ ಜನರನ್ನು ಹೂಳಿದರು.

ಅತ್ತೆಯ 'ಕಾರ್ಕ್' ತಪ್ಪಾಗಿದ್ದೂ ಹಡಗಿನಿಂದಲೇ. ಅಜ್ಜಿ ಹಡಗು ಹತ್ತಿದ್ದು ಕಾರ್ಕ್ ಕೌಂಟಿಯ ಕ್ವೀನ್ಸ್‌ಟೌನ್ ಬಂದರಲ್ಲಿ, ಈಗ ಅದರ ಹೆಸರು ಕೋವ್. ಊರು ಇದ್ದಿದ್ದು ಮೇಯೋ ಕೌಂಟಿಯಲ್ಲಿ. ಬಂದರನ್ನೇ ಊರು ಅಂದುಕೊಂಡ ಮನೆಗಳು ಲೆಕ್ಕವಿಲ್ಲದಷ್ಟು.

ಎಲ್ಲಾ ನೋಡಿದೆ. ಊರು ಸಿಗಲೇ ಇಲ್ಲ.

ನಿಮ್ಮವರನ್ನು ಬಿಟ್ಟು ಅವರ ಸುತ್ತ ಇದ್ದವರನ್ನು ಹುಡುಕಿ. ಇದೊಂದು ಮಾತಿಗೋಸ್ಕರ ನಾನು ಇಷ್ಟೆಲ್ಲ ಬರೆದಿದ್ದು ಅಂದರೂ ಸರಿ.

ಒಬ್ಬಳೇ ಬಂದ ಹುಡುಗಿ ಅಂತ ನಾವು ಅಂದುಕೊಳ್ಳುತ್ತೇವೆ, ಒಬ್ಬಳೇ ಬಂದಿರಲ್ಲ. ಅಕ್ಕ ಮುಂಚೆ ಬಂದಿರುತ್ತಾಳೆ, ಟಿಕೆಟ್ ದುಡ್ಡು ಅವಳೇ ಕಳಿಸಿರುತ್ತಾಳೆ, ಈ ಹುಡುಗಿ ದುಡಿದು ತಮ್ಮನಿಗೆ ಕಳಿಸುತ್ತಾಳೆ. ಹುಬ್ಬಳ್ಳಿಯ ಒಂದೇ ಕಾಲೇಜಿನ ಹುಡುಗರು ಅಮೆರಿಕದ ಒಂದೇ ಅಪಾರ್ಟ್‌ಮೆಂಟಿನಲ್ಲಿ ಸೇರಿಕೊಂಡ ಹಾಗೆ, ಆ ಊರಿನವರೆಲ್ಲ ಇಲ್ಲಿ ಒಂದೇ ಬೀದಿ. ಕಾರ್ಕ್‌ನ ಬೇರಾ ಭಾಗದಲ್ಲಿ ಆಲಿಹೀಸ್ ಅನ್ನುವ ಕಡೆ ತಾಮ್ರದ ಗಣಿ ಇತ್ತು. ಅದು ಸೊರಗಿದಾಗ ಅಲ್ಲಿನ ಗಣಿಗಾರರು ಸೀದಾ ಮೊಂಟಾನಾದ ಬ್ಯೂಟ್ ತಾಮ್ರದ ಗಣಿಗೆ ಹೋದರು. ಬ್ಯೂಟ್‌ನಲ್ಲಿ ಸಲಿವನ್ ಸಿಕ್ಕರೆ ಮೊದಲು ಬೇರಾ ಕಡೆ ನೋಡು ಅನ್ನುವಷ್ಟು ಅದು ಖಾತ್ರಿ.

ಹಾಗಾಗಿ ಮದುವೆಯ ಸಾಕ್ಷಿಗಳು ಯಾರು, ಮಕ್ಕಳಿಗೆ ಗಾಡ್‌ಫಾದರ್ ಗಾಡ್‌ಮದರ್ ಆಗಿ ನಿಂತವರು ಯಾರು, ಜನಗಣತಿಯಲ್ಲಿ ಪಕ್ಕದ ಮನೆ ಯಾರದು, ಸ್ಮಶಾನದಲ್ಲಿ ಅದೇ ಜಾಗದಲ್ಲಿ ಇನ್ನಾರು ಮಲಗಿದ್ದಾರೆ, ಇವರನ್ನೆಲ್ಲ ಬರೆದಿಟ್ಟುಕೊಳ್ಳಿ. ಡೀಲಿಯಾಳ ಸಮಾಧಿ ಮೇಲೆ ಬರೀ ಮನೆತನದ ಹೆಸರು. ಅವಳ ಮೊದಲ ಮಗುವಿನ ಗಾಡ್‌ಮದರ್ ಯಾರು ಅಂತ ಹಿಂಬಾಲಿಸಿಕೊಂಡು ಹೋದೆ, ಅವಳು ಅಕ್ಕ, ವೂಸ್ಟರ್‌ನಲ್ಲಿ ಮದುವೆಯಾಗಿ ಬೇರೆ ಹೆಸರಿನಲ್ಲಿ ಇದ್ದಳು. ಅವಳು ಸತ್ತಾಗ ಪೇಪರಿನಲ್ಲಿ ಬಂದ ಆರು ಸಾಲಿನಲ್ಲಿ ಪ್ಯಾರಿಷ್ ಹೆಸರಿತ್ತು. ಮಧ್ಯರಾತ್ರಿ ಗಂಡನನ್ನು ಎಬ್ಬಿಸಿ ಹೇಳಿದೆ. ಅವನು 'ಸರಿ' ಅಂತ ಮಗ್ಗುಲು ಬದಲಿಸಿದ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಇಷ್ಟೆಲ್ಲ ಬೇಕಾ?

ಬೇಕು. ಪರೀಕ್ಷೆ ನಿಮಗೆ ನೆಂಟರ ಪಟ್ಟಿ ಕೊಡುತ್ತದೆ, ಹೇಗೆ ನೆಂಟರು ಅಂತ ಹೇಳಲ್ಲ. ಮಾಡಿಸುವುದಾದರೆ ಮನೆಯ ಹಿರಿಯರದ್ದು ಮೊದಲು ಮಾಡಿಸಿ, ಮಗಳದ್ದಲ್ಲ ಅತ್ತೆಯದ್ದು. ಪ್ರತಿ ತಲೆಮಾರಿಗೂ ಅರ್ಧ ಅರ್ಧ ಕಡಿಮೆಯಾಗುತ್ತಾ ಹೋಗುತ್ತದೆ. ಮುತ್ತಜ್ಜನ ಅಪ್ಪ ಒಬ್ಬನೇ ಆಗಿರುವ ದೂರದ ಕಸಿನ್‌ಗಳಲ್ಲಿ ಹತ್ತಕ್ಕೆ ಒಬ್ಬರು ಪರೀಕ್ಷೆಯಲ್ಲಿ ಹೊಂದುವುದೇ ಇಲ್ಲ, ಇನ್ನೊಂದು ತಲೆಮಾರು ಹಿಂದೆ ಹೋದರೆ ಅರ್ಧದಷ್ಟು ಜನ ಕಾಣಲ್ಲ. ಅಂದ್ರೆ ಹೊಂದಿಲ್ಲ ಅಂದ ಮಾತ್ರಕ್ಕೆ ನೆಂಟರಲ್ಲ ಅಂತಲ್ಲ. 'ಶೇಕಡಾ ಇಷ್ಟು ಐರಿಶ್' ಅನ್ನುವ ಬಣ್ಣದ ನಕ್ಷೆ ನೋಡಿ ಖುಷಿಪಟ್ಟು ಪಕ್ಕಕ್ಕಿಡಿ. ಮತ್ತೆ, ಮನೆಯಲ್ಲಿ ಮುಚ್ಚಿಟ್ಟ ವಿಷಯ ಹೊರಗೆ ಬಂದರೆ ಅದಕ್ಕೂ ತಯಾರಿರಬೇಕು.

ನೋಡಲು ಐರಿಶ್ ಥರ ಇಲ್ಲದವರೂ ಐರಿಶ್ ಮೂಲ ಅಂತಾರಲ್ಲ?

ಮೊಹಮ್ಮದ್ ಅಲಿ ಗೊತ್ತಲ್ಲ, ಬಾಕ್ಸರ್. ಅವರ ತಾಯಿ ಕಡೆಯ ಮುತ್ತಜ್ಜ ಏಬ್ ಗ್ರೇಡಿ ಕ್ಲೇರ್ ಕೌಂಟಿಯ ಎನಿಸ್ ಊರಿನವನು, ಕೆಂಟಕಿಗೆ ಬಂದು ಕಪ್ಪು ಹೆಣ್ಣುಮಗಳನ್ನು ಮದುವೆಯಾದ. 2009ರಲ್ಲಿ ಅಲಿ ಎನಿಸ್‌ಗೆ ಹೋದಾಗ ಊರೇ ಬೀದಿಗಿಳಿದಿತ್ತು. ಬರಾಕ್ ಒಬಾಮಾ ಅವರ ತಾಯಿ ಕಡೆಯ ಪೂರ್ವಜ ಫಾಲ್ಮತ್ ಕಿಯರ್ನಿ 1850ರಲ್ಲಿ ಆಫಲಿ ಕೌಂಟಿಯ ಮನಿಗಾಲ್‌ನಿಂದ ಹೊರಟವನು, ಚಮ್ಮಾರನ ಮಗ. 2011ರ ಮೇ ತಿಂಗಳಲ್ಲಿ ಒಬಾಮಾ ಅಲ್ಲಿ ಹೋಗಿ ಬಿಯರ್ ಕುಡಿದು ಬಂದರು. ನನ್ನ ಮಗಳ ಬಣ್ಣ ನನ್ನದು, ತಲೆಗೂದಲು ಅಪ್ಪನ ಕಡೆಯ ಕೆಂಪು.

ನಮ್ಮವರು ಪ್ರೆಸ್ಬಿಟೇರಿಯನ್, 1700ರ ಹೊತ್ತಿಗೇ ಬಂದವರು. ಇದೆಲ್ಲ ಅನ್ವಯಿಸುತ್ತದಾ?

ಕಡಿಮೆ. ಪ್ರೆಸ್ಬಿಟೇರಿಯನ್ ಅಂದ್ರೆ ಪ್ರಾಟೆಸ್ಟಂಟರಲ್ಲಿ ಒಂದು ಪಂಗಡ. ಅವರು ಉತ್ತರದ ಅಲ್ಸ್ಟರ್ ಕಡೆಯವರು, ಸ್ಕಾಟ್ಲೆಂಡಿನಿಂದ ಅಲ್ಲಿಗೆ ಬಂದು ಅಲ್ಲಿಂದ ಪೆನ್ಸಿಲ್ವೇನಿಯಾ, ಕ್ಯಾರೊಲಿನಾ ಕಡೆ ಹೋದವರು. ಬೆಲ್‌ಫಾಸ್ಟ್‌ನ ಸರ್ಕಾರಿ ದಾಖಲೆ ಕಚೇರಿ, ಪ್ರೋನಿ ಅಂತಾರೆ, ಅಲ್ಲಿಂದ ಶುರುಮಾಡಿ. ಅಗಸೆ ಬೆಳೆದ ರೈತರಿಗೆ ನೂಲುವ ರಾಟೆ ಕೊಟ್ಟ 1796ರ ಪಟ್ಟಿಯೊಂದಿದೆ, ಅದನ್ನೂ ನೋಡಿ.

ಮನೆತನದ ಲಾಂಛನ ಅಂತ ಅಂಗಡಿಯಲ್ಲಿ ಮಾರುತ್ತಾರಲ್ಲ, ತಗೋಬಹುದಾ?

ಗೋಡೆಗೆ ಚೆನ್ನಾಗಿರುತ್ತದೆ. ಲಾಂಛನ ಕೊಡುತ್ತಿದ್ದದ್ದು ಒಬ್ಬ ವ್ಯಕ್ತಿಗೆ, ಆ ಹೆಸರಿನ ಎಲ್ಲರಿಗೂ ಅಲ್ಲ. ಮೂರನೇ ದರ್ಜೆ ಮನೆಯವರಿಗೆ ಲಾಂಛನ ಎಲ್ಲಿಂದ ಬರಬೇಕು.

ಮಕ್ಕಳಿಗೆ ಐರಿಶ್ ಪಾಸ್‌ಪೋರ್ಟ್ ಸಿಗುತ್ತದಾ?

ಅಜ್ಜ ಅಥವಾ ಅಜ್ಜಿ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ದರೆ 'ಫಾರಿನ್ ಬರ್ತ್ಸ್ ರಿಜಿಸ್ಟರ್'ನಲ್ಲಿ ಹೆಸರು ಸೇರಿಸಿ ಪೌರತ್ವ ಪಡೆಯಬಹುದು. ಮುತ್ತಜ್ಜಿ ಹುಟ್ಟಿದ್ದರೆ ಸಾಲದು, ನೀವು ಹುಟ್ಟುವ ಮುಂಚೆಯೇ ನಿಮ್ಮ ಅಪ್ಪ ಅಥವಾ ಅಮ್ಮ ಆ ಪುಸ್ತಕದಲ್ಲಿ ಸೇರಿರಬೇಕು. ಡೀಲಿಯಾ ಅತ್ತೆಯ ಅಜ್ಜಿ, ಅಂದ್ರೆ ಅತ್ತೆಗೆ ದಾರಿ ಇದೆ, ನನ್ನ ಗಂಡನಿಗೂ ಮಗಳಿಗೂ ಇಲ್ಲ. ಅತ್ತೆಗೆ ಪಾಸ್‌ಪೋರ್ಟ್ ಬೇಡವಂತೆ.

ಖರ್ಚು ಎಷ್ಟಾಗುತ್ತದೆ?

ಮೇಲೆ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಪುಕ್ಕಟೆ. ದುಡ್ಡು ಕಟ್ಟುವ ತಾಣಗಳನ್ನು ನಿಮ್ಮ ಊರಿನ ಲೈಬ್ರರಿಯ ಕಂಪ್ಯೂಟರಿನಲ್ಲಿ ಬಿಟ್ಟಿ ನೋಡಬಹುದು, ಕೇಳಿ ನೋಡಿ. ರೂಟ್ಸ್ ಐರ್ಲೆಂಡ್ ಅನ್ನುವ ದುಡ್ಡಿನ ತಾಣಕ್ಕೆ ಒಂದು ತಿಂಗಳ ಚಂದಾ ಕಟ್ಟಿದರೆ ಸಾಕು, ಆದರೆ ಊರು ಗೊತ್ತಾದ ಮೇಲೆ ಕಟ್ಟಿ.

ಟೌನ್‌ಲ್ಯಾಂಡ್ ಸಿಕ್ಕಿತು. ಹೋಗಿ ನೋಡಿದರೆ ಏನಾದರೂ ಇರುತ್ತದಾ?

ಗ್ರಿಫಿತ್ ನಕ್ಷೆಯಲ್ಲಿ ನಿಮ್ಮವರ ಜಮೀನಿಗೆ ಒಂದು ನಂಬರ್, ಮನೆಗೆ ಒಂದು ಅಕ್ಷರ ಇರುತ್ತದೆ. ಅದರ ಮುಂದಿನ ವರ್ಷಗಳಲ್ಲಿ ಜಮೀನು ಯಾರ ಕೈಗೆ ಹೋಯಿತು ಅಂತ ತಿದ್ದುತ್ತಾ ಬಂದ ಪುಸ್ತಕಗಳಿವೆ, ಒಂದೊಂದು ಸಲದ ತಿದ್ದುಪಡಿಗೆ ಒಂದೊಂದು ಬಣ್ಣದ ಶಾಯಿ. ಅದನ್ನು ಹಿಡಿದುಕೊಂಡು ಬಂದರೆ ಈಗ ಅಲ್ಲಿ ಯಾರಿದ್ದಾರೆ ಅನ್ನುವವರೆಗೂ ಬರಬಹುದು. ನಾವು ಹೋದಾಗ ಗೋಡೆ ಎರಡಡಿ ಉಳಿದಿತ್ತು, ಒಳಗೆ ಮುಳ್ಳುಗಿಡ, ನಾಲ್ಕು ಹಸು. ಟ್ರ್ಯಾಕ್ಟರಿನಲ್ಲಿ ಬಂದ ಮುದುಕರು ನಮ್ಮನ್ನು ಎಲ್ಲಿಂದ ಬಂದಿರಿ ಅಂತ ಕೇಳಲಿಲ್ಲ, ಯಾರ ಪೈಕಿ ಅಂತ ಕೇಳಿದರು. ಥೇಟ್ ಧಾರವಾಡ! ಅತ್ತೆ ಮುತ್ತಜ್ಜನ ಹೆಸರು ಹೇಳಿದರು. ಆ ಹೆಸರಿನವರು ಇಲ್ಲಿ ಮೂರು ಮನೆ ಇದ್ದರು, ಯಾವುದು ಅಂತ ಮತ್ತೆ ಕೇಳಿದರು. ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ನಂಬರ್ ಸಮೇತ.

ಹೋಗುವಾಗ ನಕ್ಷೆಯನ್ನು ಕಾಗದದಲ್ಲಿ ಪ್ರಿಂಟ್ ಹಾಕಿಸಿಕೊಳ್ಳಿ, ಅಲ್ಲಿ ಫೋನ್ ಸಿಗ್ನಲ್ ಬರಲಿಲ್ಲ. ಗೇಟ್ ತೆಗೆದರೆ ಮುಚ್ಚಿ ಬನ್ನಿ. ಮಂಡಿವರೆಗಿನ ರಬ್ಬರ್ ಬೂಟು ಮರೆಯಬೇಡಿ, ನಾನು ಚಪ್ಪಲಿಯಲ್ಲಿ ಹೋಗಿದ್ದೆ.